ಬೀಳಲೊಲ್ಲದ ಉಸ್ತಾದರು

ಅವರ ಎಡಗಿವಿ ರಸ ಹಿಂಡಿ ಬಿಸಾಕಿದ ಹುಣಸೆಹಣ್ಣಿನ ಹಾಗೆ ಮುದುಡಿಕೊಂಡಿತ್ತು. ಗರಡಿಯಲ್ಲಿ ವರ್ಷಗಟ್ಟಲೆ ತಲೆಗೆ ತಲೆ ಕೊಟ್ಟು ಉಜ್ಜಿಸಿಕೊಂಡವರ ಕಿವಿ ಹಾಗಾಗುತ್ತದಂತೆ. ಬಲಗಿವಿ ನೆಟ್ಟಗಿತ್ತು, ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ನಾನು “ಉಸ್ತಾದ್ರೇ, ಈ ಸಲ ನೀವು ಸೋಲಬೇಕು” ಎಂದ ತಕ್ಷಣ ಆ ಮುದುಡಿದ ಕಿವಿಯನ್ನೇ ನನ್ನ ಕಡೆ ತಿರುಗಿಸಿ, “ಆಂ? ಏನವ್ವ ಅಂದೆ?” ಎನ್ನುತ್ತಿದ್ದರು. ಹೀಗೆ ಎಷ್ಟು ಭಾನುವಾರ ನನ್ನ ಹೊಟ್ಟೆ ಉರಿಸಿದರೋ ದೇವರೇ ಬಲ್ಲ.

ಹುಣಸೂರಿನ ಬಸ್‌ಸ್ಟ್ಯಾಂಡ್ ಹಿಂದಿನ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಒಂದು ದಿನ ಮಡಿಕೇರಿ ಕಡೆ ಹೊರಟಿದ್ದ ಯಾವನೋ ಹುಡುಗ ಪೆನ್‌ಡ್ರೈವ್ ಕೊಟ್ಟು, ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ಪ್ರಿಂಟ್ ಹಾಕಿ ಸ್ಪೈರಲ್ ಮಾಡಿಡಿ, ಟೀ ಕುಡಿದು ಬಂದೆ ಎಂದವನು ಇವತ್ತಿಗೂ ಬಂದಿಲ್ಲ. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ಅದನ್ನು ನಾನೇ ಓದಿದೆ. ಮೇಜಿನ ಸುತ್ತ ಕೂತು ಆಡುವ ಒಂದು ಆಟದ ನಿಯಮಗಳು ಅವು. ಆಡುವವರು ಒಬ್ಬೊಬ್ಬರೂ ಒಬ್ಬೊಬ್ಬ ಕುಸ್ತಿಪಟುವಾಗಬೇಕು. ನಮ್ಮ ಮಣ್ಣಿನ ಕುಸ್ತಿಯಲ್ಲ, ಟಿವಿಯಲ್ಲಿ ಬಣ್ಣದ ಚಡ್ಡಿ ಹಾಕಿಕೊಂಡು ಹಗ್ಗದ ಮೇಲಿಂದ ಹಾರುತ್ತಾರಲ್ಲ, ಆ ಕುಸ್ತಿ. ಗೆಲ್ಲುವವರು ಯಾರೆಂದು ಆಟ ನಡೆಸುವವರು ಮೊದಲೇ ಹೇಳಿಬಿಡುತ್ತಾರೆ. ಆಮೇಲೆ ಹಿಡಿತ, ಏಟು, ಬಯ್ಗುಳ ಎಲ್ಲವನ್ನೂ ಆಟಗಾರರು ಬಾಯಲ್ಲೇ ಕಟ್ಟಿ ಹೇಳಬೇಕು. ದಾಳ ಹಾಕುವುದು ಗೆಲುವಿಗಲ್ಲ, ನೋಡುವ ಜನ ಎಷ್ಟು ಕೂಗಿದರು ಎಂದು ತಿಳಿಯಲು.

ನನಗೆ ಹುಚ್ಚು ಹಿಡಿಯಿತು. ಭಾನುವಾರ ಮಧ್ಯಾಹ್ನ ಅರ್ಧ ಶಟರ್ ಎಳೆದು ಹಿಂದಿನ ಕೋಣೆಯಲ್ಲಿ ಆಟ ಶುರುಮಾಡಿದೆ. ನಡೆಸುವವಳು ನಾನು. ಆಡಲು ಸಿಕ್ಕವರು ಇಬ್ಬರು. ಒಬ್ಬರು ಬಸ್ ಕಂಡಕ್ಟರು, ಅವರ ಪೈಲ್ವಾನನ ಹೆಸರು ಮುಸುಕಿನ ಮಾರ. ಇನ್ನೊಬ್ಬಳು ಪಿರಿಯಾಪಟ್ಟಣದ ಲ್ಯಾಬಿನಲ್ಲಿ ರಕ್ತ ತೆಗೆಯುವ ಹುಡುಗಿ, ಅವಳು ಕಾಕನಕೋಟೆ ಕಾಳಿ. ಒಬ್ಬೊಬ್ಬ ಪೈಲ್ವಾನನನ್ನೂ ಕಾಗದದಲ್ಲಿ ಕತ್ತರಿಸಿ ಮೇಜಿನ ಮೇಲೆ ನಿಲ್ಲಿಸುತ್ತಿದ್ದೆ. ನಮ್ಮ ಕಾಗದದ ಕುಸ್ತಿ ಕಂಪನಿ ಹುಣಸೂರಿನಿಂದ ಹೊರಟು ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸುತ್ತಿ ಅಂತರಸಂತೆಯಲ್ಲಿ ಕೊನೆಯ ಪಂದ್ಯ ಆಡಬೇಕು. ಹೀಗೆಂದು ನಾನು ನೋಟುಪುಸ್ತಕದ ತುಂಬ ಬರೆದಿಟ್ಟಿದ್ದೆ.

ಆ ಹೊತ್ತಿಗೆ ಆಧಾರ್ ಕಾರ್ಡ್ ಜೆರಾಕ್ಸಿಗೆಂದು ಉಸ್ತಾದರು ಬಂದರು. ಹಿಂದಿನ ಬೀದಿಯವರು. ಹೊಗೆಸೊಪ್ಪು ಬೆಳೆಯುತ್ತಿದ್ದವರು, ಒಂದು ಕಾಲಕ್ಕೆ ಗರಡಿ ನಡೆಸಿದವರು. ಕೊಟ್ಟ ಕಾಪಿಯನ್ನು ಸೊಪ್ಪಿನೆಲೆಯ ಹಾಗೆ ಎರಡು ಬೆರಳಲ್ಲಿ ತಿಕ್ಕಿ ನೋಡಿ, ಶಟರಿನ ಕೆಳಗಿಂದ ತೂರಿಬಂದ ಕೂಗಿಗೆ ಕತ್ತು ಚಾಚಿ, “ಒಳ್ಗೆ ಕುಸ್ತಿ ನಡೀತಾ ಐತಾ?” ಎಂದರು. ಹೌದು ಎಂದಿದ್ದೇ ನನ್ನ ತಪ್ಪು.

ಪೈಲ್ವಾನನಿಗೊಂದು ಹೆಸರು ಹೇಳಿ ಎಂದರೆ, “ನಾನೇ ಇವ್ನಿ, ಇನ್ನೊಬ್ಬ ಯಾಕೆ?” ಎಂದರು. ವಯಸ್ಸು ಇಪ್ಪತ್ನಾಲ್ಕು ಎಂದು ಬರೆಸಿದರು. ದೌರ್ಬಲ್ಯ ಎಂಬ ಕಡೆ ಏನು ಬರೆಯಲಿ ಎಂದು ಕೇಳಿದರೆ, “ಅಂಥದ್ದೇನಿಲ್ಲ. ಬರೀಲೇಬೇಕು ಅಂದ್ರೆ ಸಕ್ಕರೆ ಕಾಯಿಲೆ ಅಂತ ಬರ್ಕೊ” ಎಂದರು. ಇಪ್ಪತ್ನಾಲ್ಕರ ಪೈಲ್ವಾನನಿಗೆ ಸಕ್ಕರೆ ಕಾಯಿಲೆ! ಮುಂದಿನ ವಾರ ಅರಿಶಿನ ಬೆರೆಸಿದ ಗರಡಿ ಮಣ್ಣನ್ನು ಪೊಟ್ಟಣ ಕಟ್ಟಿಕೊಂಡು ಬಂದು, ಮೇಜಿನ ಮೇಲೆ ಉದುರಿಸಿ, ದಾಳಕ್ಕೂ ಮೆತ್ತಿ ಕಣ್ಣಿಗೊತ್ತಿಕೊಂಡರು. ಆ ಮಣ್ಣು ಅದು ಹೇಗೋ ಮೆಷಿನ್ನಿಗೆ ಸೇರಿ ಮೂರು ದಿನ ಯಾರ ಜಾತಿ ಪ್ರಮಾಣಪತ್ರ ತೆಗೆದರೂ ಸಿಡುಬು ಎದ್ದ ಹಾಗೆ ಚುಕ್ಕಿ ಬರುತ್ತಿತ್ತು. ಜನ ನನ್ನನ್ನು ಬೈದು ಹೋದರು. ಇವರನ್ನು ಕೇಳಿದರೆ, “ಮಣ್ಣಿಲ್ದೆ ಕುಸ್ತಿ ಆಯ್ತದೇನವ್ವ?” ಎಂಬ ಉತ್ತರ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ, ಅವರು ಸೋಲಲು ಒಪ್ಪುತ್ತಿರಲಿಲ್ಲ. ಕಂಪನಿ ಪಿರಿಯಾಪಟ್ಟಣಕ್ಕೆ ಬಂದಾಗ ಕಾಳಿ ಅವರನ್ನು ಕೆಡವಿ ಚಾಂಪಿಯನ್ ಆಗಬೇಕೆಂದು ನಾನು ತೀರ್ಮಾನಿಸಿದ್ದೆ. ಕಥೆ ಮುಂದಕ್ಕೆ ಹೋಗುವ ದಾರಿಯೇ ಅದು. ಉಸ್ತಾದರು ಮೊದಲ ವಾರ, ಹೆಣ್ಣಾಳಿನ ಮೇಲೆ ಕೈ ಮಾಡಾಕಿಲ್ಲ ಎಂದರು. ಹುಡುಗಿ, “ತಾತ, ಕಾಳಿ ನಿಮಗಿಂತ ಹತ್ತು ಕೆಜಿ ಜಾಸ್ತಿ ಅವ್ಳೆ” ಎಂದಳು. ಎರಡನೇ ವಾರ ಕೈ ಮಾಡಿಯೇ ಮಾಡಿದರು, ಗೆದ್ದರು. ಮೂರನೇ ವಾರ ಸಮಬಲ ಎಂದು ತಾವೇ ಘೋಷಿಸಿ ಎದ್ದು ಹೋದರು. ಮೂರು ತಿಂಗಳಾದರೂ ನಾವು ಪಿರಿಯಾಪಟ್ಟಣ ದಾಟಲಿಲ್ಲ. ಪಾಪ, ಕಂಡಕ್ಟರು ಮಾತ್ರ ಪ್ರತಿ ಸಲವೂ “ನಾನು ಬೀಳ್ತೀನಿ ಬುಡಿ” ಎಂದು ನಗುತ್ತಲೇ ಬೀಳುತ್ತಿದ್ದರು. ಅದಕ್ಕೂ ಉಸ್ತಾದರು, “ನಿಂಗೆ ಮಾನ ಇಲ್ವೇನ್ಲಾ?” ಎಂದು ಗದರುತ್ತಿದ್ದರು.

ಕೊನೆಗೆ ಹುಡುಗಿ ಸಿಡಿದಳು. ಉಸ್ತಾದರು ಇಲ್ಲದಾಗ ಫೋನ್ ಮಾಡಿ, “ಅಕ್ಕ, ವಾರಪೂರ್ತಿ ಜನ ನನ್ನ ಮುಂದೆ ಕೈ ಚಾಚಿ ಮುಖ ಆ ಕಡೆ ತಿರುಗಿಸ್ಕೊತಾರೆ. ನನ್ನ ಮುಖ ನೋಡೋರು ಯಾರೂ ಇಲ್ಲ. ಇಲ್ಲಿ ಒಂದಿನ ಆದ್ರೂ ಊರೆಲ್ಲ ಕಾಳೀನ ನೋಡ್ಲಿ ಅಂತ ಬತ್ತೀನಿ. ಇರೋ ಒಂದು ರಜಾದಲ್ಲಿ ಬಸ್ಸಲ್ಲಿ ನಿಂತ್ಕೊಂಡು ಬಂದು ಈ ತಾತನ ಕೈಲಿ ಒದೆ ತಿನ್ಬೇಕಾ? ಇನ್ನೊಂದು ವಾರ ನೋಡ್ತೀನಿ, ಆಮೇಲೆ ಬರಲ್ಲ” ಎಂದಳು. ಅವಳು ಹೋದರೆ ಆಟ ಮುಗಿದಂತೆ. ಬೆಳಗ್ಗಿನಿಂದ ಸಂಜೆವರೆಗೆ ಬೇರೆಯವರ ಕಾಗದ ಕಾಪಿ ಮಾಡುವ ನನಗೆ ನನ್ನದು ಅಂತ ಇದ್ದದ್ದು ಆ ಎರಡು ಗಂಟೆ ಮಾತ್ರ. ಹಾಗಂತ ವಯಸ್ಸಾದವರನ್ನು ಎದ್ದು ಹೋಗಿ ಎನ್ನಲು ನಮಗೆ ಬಾಯಿ ಬರುತ್ತದೆಯೇ?

ಆ ಭಾನುವಾರ ಎಲ್ಲರ ಎದುರಿಗೇ ಜಗಳಕ್ಕೆ ನಿಂತೆ. “ಗರಡೀಲಿ ಹುಡುಗ್ರಿಗೆ ಪಟ್ಟು ಕಲಿಸುವಾಗ ನೀವು ಬೀಳ್ತಿರಲಿಲ್ವಾ?”

“ಬೀಳ್ದೆ? ದಿನಕ್ಕೆ ನೂರು ಕಿತ ಬಿದ್ದಿವ್ನಿ. ನಾನು ಬೀಳ್ದೆ ಇದ್ರೆ ಅವು ಎತ್ತಾದು ಎಂಗೆ ಕಲೀತವೆ?”

“ಮತ್ತೆ ಇಲ್ಲೇನು ರೋಗ?”

“ಅದು ಗರಡಿ ಕಣವ್ವ. ಬಾಗ್ಲು ಮುಚ್ಚಿರ್ತದೆ. ಜನದ ಮುಂದೆ ನನ್ನ ಬೆನ್ನಿಗೆ ಯಾವತ್ತೂ ಮಣ್ಣು ತಾಗಿಲ್ಲ.”

“ಇಲ್ಲಿ ಜನ ಎಲ್ಲಿದ್ದಾರೆ ಉಸ್ತಾದ್ರೇ? ನಿಮ್ಮನ್ನ ಬಿಟ್ರೆ ಇರೋದು ನಾವು ಮೂರು ಜನ!”

“ಪಿರಿಯಾಪಟ್ಟಣದ ಜನ ಎಲ್ಲ ಕೂತವ್ರೆ ಅಂತ ನೀನೇ ತಾನೆ ಹೇಳಿದ್ದು?”

ಆಟದ ಸಾವಿರ ಜನರನ್ನು ನಮ್ಮಲ್ಲಿ ನಿಜವಾಗಿ ನಂಬಿದ್ದವರು ಅವರೊಬ್ಬರೇ ಎಂದು ಆಗ ಹೊಳೆಯಿತು. ಹೊಳೆದು ಇನ್ನೂ ಸಿಟ್ಟು ಬಂತು.

ಅವರೇ ಹುಡುಗಿಯ ಕಡೆ ಕೈ ಚಾಚಿದರು. “ಬಾ ಮಗ, ಜೋಡಿ ಕಟ್ಟಾನ.” ಕುಸ್ತಿಗೆ ವಾರ ಮುಂಚೆ ಹಿರಿಯರ ಎದುರು ಇಬ್ಬರ ಕೈಗೆ ಕೈ ಕೊಡಿಸಿ ಎತ್ತರ, ತೂಕ ನೋಡಿ ಗಟ್ಟಿಮಾಡುವುದು ನಮ್ಮ ಕಡೆಯ ರೂಢಿ. ಜೋಡಿ ಕಟ್ಟಿದ ಮೇಲೆ ಆ ದಿನ ಅಖಾಡಕ್ಕೆ ಬಾರದವನ ಮುಖವನ್ನು ಯಾವ ಗರಡಿಯೂ ನೋಡುವುದಿಲ್ಲ. “ಮುಂದಿನ ಭಾನುವಾರ” ಎಂದರು. ಬೀಳುತ್ತೀರಾ ಎಂದು ಕೇಳಿದೆ. “ಬತ್ತೀನಿ ಅಂದೆ ಅಷ್ಟೆ” ಎಂದು ಚಪ್ಪಲಿ ಮೆಟ್ಟಿದರು.

ಗುರುವಾರ ಉಸಿರು ಕಟ್ಟಿ ಮೈಸೂರಿನ ಆಸ್ಪತ್ರೆಗೆ ಸೇರಿಸಿದರೆಂದು ಸುದ್ದಿ ಬಂತು. ಈ ವಾರ ಆಟವಿಲ್ಲ ಎಂದು ಇಬ್ಬರಿಗೂ ಹೇಳಿ, ಭಾನುವಾರ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಟೀ ಅಂಗಡಿಯವರ ಫೋನು. “ಅಕ್ಕೋ, ನಿಮ್ಮಂಗಡಿ ಮೆಟ್ಲು ಮೇಲೆ ಉಸ್ತಾದ್ರು ಕೂತವ್ರೆ. ಕೈಯಾಗೆ ಆಸ್ಪತ್ರೆ ಸೂಜಿ ಅಂಗೇ ಐತೆ.”

ಓಡಿದೆ. ಟೀ ಕುಡಿದು ಬರುತ್ತೇನೆಂದು ವಾರ್ಡಿನಲ್ಲಿ ಹೇಳಿ, ನಮ್ಮೂರ ಮೇಲೆ ಹೋಗುವ ಮಡಿಕೇರಿ ಬಸ್ಸು ಹತ್ತಿದ್ದರಂತೆ. ನನ್ನ ಜನ್ಮದಲ್ಲಿ ಯಾವ ಹಿರಿಯರನ್ನೂ ಹಾಗೆ ಬೈದಿಲ್ಲ. ಬುದ್ಧಿ ಇದೆಯಾ, ಹೆಚ್ಚುಕಡಿಮೆ ಆದರೆ ಯಾರು ಜವಾಬ್ದಾರಿ ಎಂದು ಬೀದಿಯಲ್ಲೇ ಕಿರುಚಿದೆ. ಎಲ್ಲ ಕೇಳಿಸಿಕೊಂಡು ಅವರು, “ಅಂಗ್ಡಿ ಯಾಕವ್ವ ಮುಚ್ಚಿದ್ದೀಯ? ಜೋಡಿ ಕಟ್ಟಿರ್ಲಿಲ್ವಾ?” ಎಂದರು.

ಮನೆಯವರಿಗೆ ಫೋನ್ ಮಾಡಿದೆ. ಆಸ್ಪತ್ರೆಯೆಲ್ಲ ಹುಡುಕಾಡುತ್ತಿದ್ದ ಸೊಸೆ ಅಳುತ್ತಲೇ ನನಗೆ ಉಗಿದು, ಕಾರು ಮಾಡಿಕೊಂಡು ಬರುತ್ತೇವೆ, ಅವರನ್ನು ಅಲ್ಲಾಡಲು ಬಿಡಬೇಡಿ ಎಂದರು. ಶಟರ್ ಎತ್ತಿ ಉಸ್ತಾದರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ, ಆಟದ ಇಬ್ಬರಿಗೂ ಫೋನ್ ಮಾಡಿದೆ. ಕಂಡಕ್ಟರು ಬಂದರು. ಹುಡುಗಿಯೂ ಸಿಕ್ಕ ಬಸ್ಸಿಗೆ ಬಂದಳು. ಬಂದವಳೇ ಅವರ ಎಡಗೈ ಎಳೆದುಕೊಂಡು, ಸಡಿಲಾಗಿದ್ದ ಸೂಜಿಯ ಪಟ್ಟಿಯನ್ನು ಬಿಚ್ಚಿ ಸರಿಮಾಡಿ ಕಟ್ಟಿದಳು. ಅಷ್ಟು ಹೊತ್ತೂ ಉಸ್ತಾದರು ಅವಳ ಮುಖವನ್ನೇ ನೋಡುತ್ತಿದ್ದರು. “ಸುರು ಮಾಡವ್ವ” ಎಂದರು ನನಗೆ.

ಅವರು ಗೆಲ್ಲುತ್ತಾರೆಂದೇ ನಾನು ಅಂದುಕೊಂಡಿದ್ದೆ. ಆ ಸ್ಥಿತಿಯಲ್ಲಿ ಬೇಡ ಎನ್ನುವ ಧೈರ್ಯವೂ ನನಗಿರಲಿಲ್ಲ. ಮೊದಲೆರಡು ಸುತ್ತು ಅವರೇ ಕಾಳಿಯನ್ನು ಅಟ್ಟಾಡಿಸಿದರು. ಮೂರನೇ ಸುತ್ತಿಗೆ ಕುರ್ಚಿಯಲ್ಲಿ ಕೂತಲ್ಲಿಂದಲೇ ಬಲಗೈ ಮುಂದಿಟ್ಟರು.

“ಇಡ್ಕೊ ಮಗ. ಅಂಗಲ್ಲ, ಮಣಿಕಟ್ಟಲ್ಲಿ. ಈಗ ತಿರುಗ್ಕೊ. ನಿನ್ ಸೊಂಟ ನನ್ ಹೊಟ್ಟೆ ಕೆಳೀಕೆ ಬರ್ಬೇಕು. ಹೆದರ್ಬ್ಯಾಡ, ನಾನು ಭಾರ ಬುಟ್ಟಿವ್ನಿ. ಬಗ್ಗು. ಬಗ್ಗಿ ಎತ್ತು.”

ಹುಡುಗಿ ಅವರ ಕೈಯನ್ನು ಭುಜದ ಮೇಲಿಂದ ಹಿಡಿದು ಬಗ್ಗಿ ನಿಂತಳು. ಉಸ್ತಾದರು ತಮ್ಮ ಕಾಗದದ ಪೈಲ್ವಾನನನ್ನು ಇನ್ನೊಂದು ಕೈಯಲ್ಲಿ ತೆಗೆದು ಮೇಜಿನ ಮೇಲೆ ಅಂಗಾತ ಮಲಗಿಸಿದರು. “ತಾಗ್ತು” ಎಂದರು.

ಜನ ಎಷ್ಟು ಕೂಗಿದರೆಂದು ತಿಳಿಯಲು ಹುಡುಗಿ ದಾಳ ಹಾಕಿದಳು. ಎರಡು ದಾಳ ಸೇರಿ ಮೂರು ಬಿತ್ತು. ಅಷ್ಟು ಕಡಿಮೆ ಬಿದ್ದರೆ ಜನಕ್ಕೆ ಬೇಜಾರಾಗಿದೆ, ಯಾರೂ ಬಾಯಿ ತೆರೆಯಲಿಲ್ಲ ಎಂದರ್ಥ. ಅವಳ ಮುಖ ಸಣ್ಣಗಾಯಿತು. ನಾನು ಪುಸ್ತಕ ಮುಚ್ಚಿ ಏನಾದರೊಂದು ಸುಳ್ಳು ಹೇಳಬೇಕೆನ್ನುವಷ್ಟರಲ್ಲಿ ಉಸ್ತಾದರು ಕೈಯೆತ್ತಿ ತಡೆದರು.

“ಸರಿಯಾಗೇ ಬಿದ್ದದೆ ಕಣವ್ವ. ದೊಡ್ಡೋನು ಬಿದ್ರೆ ಮೊದ್ಲು ಯಾರೂ ಕೂಗಾಕಿಲ್ಲ. ಉಸ್ರು ಇಡ್ಕಂಡು ಎಲ್ರೂ ಎತ್ತಿದೋಳ್ನೇ ನೋಡ್ತಾರೆ. ಎಷ್ಟೋ ಜನನ ಕೆಡವಿವ್ನಿ, ನಂಗೊತ್ತು.”

ನಾನೂ ಕಂಡಕ್ಟರೂ ಹುಡುಗಿಯ ಕಡೆ ತಿರುಗಿದೆವು. ಬಾಗಿಲಲ್ಲಿ ಸೊಸೆ ಬಂದು ನಿಂತಿದ್ದರು, ಬೈಯಲು ಬಂದವರು ಅವರೂ ಸುಮ್ಮನೆ ಹುಡುಗಿಯನ್ನೇ ನೋಡುತ್ತಿದ್ದರು. ಹುಡುಗಿ ಅಳುತ್ತಿದ್ದಳು. ಆಮೇಲೆ ಸೊಸೆ ನನಗೆ ಬೈದದ್ದು ಬೈದೇ ಹೋದರು, ನ್ಯಾಯವೇ.

ಒಂಬತ್ತು ದಿನಕ್ಕೆ ಉಸ್ತಾದರು ಆಸ್ಪತ್ರೆಯಲ್ಲೇ ತೀರಿಕೊಂಡರು. ಆ ಬಸ್ ಪ್ರಯಾಣದಿಂದಲೇ ಹೀಗಾಯಿತೇನೋ ಎಂದು ನಾನು ಬಹಳ ಒದ್ದಾಡಿದೆ. ತಿಥಿಗೆ ಹೋದಾಗ ಸೊಸೆಯೇ, “ಇಲ್ಲ ಬುಡಕ್ಕ, ವಾಪಸ್ ಬಂದ್ಮೇಲೆ ಮೂರು ದಿನ ಚೆನ್ನಾಗಿ ಉಂಡ್ರು” ಎಂದರು. ಮೂರು ತಿಂಗಳ ಮೊದಲೇ ಬಿದ್ದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ನನಗೆ ಈಗಲೂ ಸಿಟ್ಟೇ. ಅವರಿಲ್ಲದ ಭಾನುವಾರ ಹೊತ್ತೇ ಹೋಗುವುದಿಲ್ಲ ಎನ್ನುವುದಕ್ಕೆ ಇನ್ನೂ ಸಿಟ್ಟು.

ಎರಡು ತಿಂಗಳು ಬಿಟ್ಟು ಮತ್ತೆ ಮೂವರೂ ಕೂತೆವು. ಕಂಪನಿ ಕೆ.ಆರ್. ನಗರಕ್ಕೆ ಬಂತು. ಅಲ್ಲಿ ಕಾಳಿಗೂ ಮುಸುಕಿನ ಮಾರನಿಗೂ ಪಂದ್ಯ. ಗೆಲ್ಲುವವಳು ಕಾಳಿ ಎಂದು ಹೇಳಲು ಬಾಯಿ ತೆರೆದೆ, ಹುಡುಗಿ ತಡೆದಳು.

“ಅಕ್ಕ, ಈ ಸಲ ನಾನು ಬೀಳ್ತೀನಿ. ಇವ್ರು ಶುರುವಿನಿಂದ ಬೀಳ್ತಾನೇ ಅವ್ರೆ.”

ಕಂಡಕ್ಟರಿಗೆ ಗಾಬರಿಯಾಯಿತು. “ಅಯ್ಯೋ, ನಂಗೆ ಎತ್ತಾಕೆ ಬರಾಕಿಲ್ಲ ಕಣವ್ವ” ಎಂದರು.

“ನಾನು ಹೇಳ್ಕೊಡ್ತೀನಿ” ಎಂದು ಅವಳು ಎದ್ದು ಬಲಗೈ ಮುಂದಿಟ್ಟಳು. “ಮಣಿಕಟ್ಟಲ್ಲಿ ಇಡ್ಕೊಳಿ.”