ಹೊಗೆ ಕಡಿಮೆಯಾದ ಕಂಪನಿ

ಬದನೆಕಾಯಿ ಹುಳುಕಿದೆಯೇ ಎಂದು ತಿರುಗಿಸಿ ನೋಡದೆ ಚೀಲಕ್ಕೆ ಹಾಕುವವಳಲ್ಲ ನಾನು. ಹಾಗಿರುವಾಗ ಅಪ್ಪನ ನಿವೃತ್ತಿಯ ಹಣವನ್ನು ಷೇರಿಗೆ ಹಾಕೋಣ ಎಂದು ನನ್ನ ಗಂಡ ಹೇಳಿದರೆ ಸುಮ್ಮನಿರುವುದು ಹೇಗೆ? ಭದ್ರಾವತಿಯ ಜನ್ನಾಪುರದಲ್ಲಿರುವ ಅಪ್ಪ-ಅಮ್ಮನ ಮುಂದಿನ ದಿನಗಳಿಗೆ ಇದ್ದದ್ದು ಅದೊಂದೇ ಗಂಟು. ಅಪ್ಪ ಅದನ್ನು ನಮಗೇ ಬಿಟ್ಟಿದ್ದರು.

ರಾಗಿಗುಡ್ಡದ ನಮ್ಮ ಮನೆಯಲ್ಲಿ ನನ್ನ ಗಂಡ ಲ್ಯಾಪ್‌ಟಾಪ್ ತೆರೆದರು. ಎಲ್ಲಿಯದೋ ಒಂದು ಸಿಮೆಂಟ್ ಕಂಪನಿಯ ಪರಿಸರ ವರದಿ. ಮುಖಪುಟದಲ್ಲಿ ಬೊಗಸೆಯಲ್ಲಿ ಹಿಡಿದ ಸಸಿ. ಆ ಕೈಗಳಿಗೆ ಒಂದಿಷ್ಟೂ ಮಣ್ಣು ಅಂಟಿರಲಿಲ್ಲ. ನಾನು ಅಲ್ಲೇ ಮೂಗು ಮುರಿದೆ.

"ಹೊಗೆ ಎಷ್ಟು ಕಮ್ಮಿ ಮಾಡಿದಾರೆ ನೋಡು. ಹೊರಗಿನ ಆಡಿಟರ್ ಲೆಕ್ಕ ನೋಡಿ ಸಹಿ ಹಾಕಿದಾರೆ. ಈಗ ದೊಡ್ಡ ದೊಡ್ಡ ಫಂಡ್‌ನೋರೆಲ್ಲ ಇದನ್ನ ನೋಡೇ ದುಡ್ಡು ಹಾಕೋದು ಮಾರಾಯ್ತಿ."

ಹೊಗೆ ಕಡಿಮೆ ಎಂದದ್ದೇ ನನಗೆ ಅನುಮಾನ. ನಾನು ಕಾರ್ಖಾನೆ ಕೆಲಸಗಾರನ ಮಗಳು. ನಮ್ಮ ಬೀದಿಯವರು ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಚಿಮಣಿಯ ಕಡೆ. ಹೊಗೆ ದಟ್ಟವಾಗಿದ್ದರೆ ಅಮ್ಮ ಮಸಿ ಬಿದ್ದ ಬಟ್ಟೆಯನ್ನು ಬೈದುಕೊಂಡೇ ಮತ್ತೆ ಒಗೆಯುತ್ತಿದ್ದಳು, ಮುಖ ಮಾತ್ರ ಗೆಲುವಾಗಿರುತ್ತಿತ್ತು. ಹೊಗೆ ತೆಳುವಾದ ದಿನ ಬಟ್ಟೆ ಬೆಳ್ಳಗೆ, ಅಮ್ಮನ ಮುಖ ಸಪ್ಪೆ.

"ಹೊಗೆ ಕಮ್ಮಿ ಅಂದ್ರೆ ಕೆಲ್ಸ ಕಮ್ಮಿ ಅಲ್ವೇನ್ರೀ?" ಎಂದೆ.

ಅವರು ಬಿದ್ದು ಬಿದ್ದು ನಕ್ಕರು. "ನಿಮ್ಮ ಭದ್ರಾವತಿ ಬುದ್ಧಿ! ಈಗ ಫಿಲ್ಟರ್ ಹಾಕ್ತಾರೆ ಕಣೆ."

ನಗಲಿ ಎಂದು ನಾನು ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿಕೊಂಡು ವರದಿಯ ಒಳಪುಟಗಳನ್ನು ಓದಿದೆ. ಫಿಲ್ಟರಿನಿಂದಲೇ ಆಗಿದ್ದರೆ ಒಂದೊಂದು ಟನ್ ಸಿಮೆಂಟಿಗೆ ಏಳುವ ಹೊಗೆ ಇಳಿಯಬೇಕಿತ್ತು. ಅದು ಇದ್ದ ಹಾಗೇ ಇತ್ತು. ಇಳಿದದ್ದು ಸಿಮೆಂಟಿನ ಉತ್ಪಾದನೆ. ಎರಡು ಘಟಕಗಳನ್ನು ನಿಲ್ಲಿಸಿದ್ದರು. ಆಡಿಟರ್ ಸುಳ್ಳೇನೂ ಹೇಳಿರಲಿಲ್ಲ, ಹೊಗೆ ಕಡಿಮೆಯಾದದ್ದು ನಿಜ ಎಂದಷ್ಟೇ ಸಹಿ ಹಾಕಿದ್ದರು. ಆ ನಿಜವನ್ನು ಸಸಿಯ ಪಕ್ಕದಲ್ಲಿಟ್ಟು ತೋರಿಸಿದ್ದು ಕಂಪನಿ. ಗಂಡನ ನಗು ನಿಂತಿತು. ನನಗೆ ಒಳಗೊಳಗೇ ಹಿಗ್ಗು, ಸುಳ್ಳೇಕೆ ಹೇಳಲಿ?

ಭಾನುವಾರ ಜನ್ನಾಪುರಕ್ಕೆ ಹೋದೆವು. "ಆ ಕಂಪನಿ ಬೇಡ ಅಪ್ಪಾ. ಹೊಗೆ ಕಮ್ಮಿ ಮಾಡಿದೀವಿ ಅಂತಾರೆ, ನೋಡಿದ್ರೆ ಎರಡು ಯೂನಿಟ್ಟೇ ನಿಲ್ಸಿದಾರೆ. ನಿಮ್ಮ ದುಡ್ಡು ಉಳೀತು" ಎಂದು ಗೆದ್ದವಳಂತೆ ಹೇಳಿದೆ.

ದುಡ್ಡಿನ ಮಾತು ಅಪ್ಪನ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಕಾಫಿ ಲೋಟ ಕೆಳಗಿಟ್ಟರು.

"ಅಲ್ಲಿ ಕೆಲ್ಸಕ್ಕಿದ್ದೋರು ಎಲ್ಲಿಗೆ ಹೋದ್ರಂತೆ?"

ಅಷ್ಟೆಲ್ಲ ಅನುಮಾನಪಟ್ಟು ಓದಿದವಳು ನಾನು. ಅದನ್ನು ಮಾತ್ರ ಹುಡುಕಿರಲಿಲ್ಲ.