ಕೋಳಿ ತಾತನ ಕಿರುಬೆರಳು

ನಮ್ಮ ಯಜಮಾನರು ಹೋಗಿ ಏಳು ತಿಂಗಳಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕಂತೆ. ಸುಳ್ಳು ಬರೆಯಲು ನನಗೆ ಬರುವುದಿಲ್ಲ. ಅದು ಅವರ ವಿದ್ಯೆ.

ಅವರು ಕ್ಲಿನಿಕ್ಕಿನಲ್ಲಿ ಅಟೆಂಡರ್. ಮಕ್ಕಳಿಗೆ ಲಸಿಕೆ ಹಾಕುವ ಕೋಣೆಯಲ್ಲೇ ಕೆಲಸ. ಸಿಸ್ಟರ್ ಚುಚ್ಚುವಾಗ ಮಗುವನ್ನು ತೊಡೆಯ ಮೇಲೆ ಹಿಡಿದುಕೊಳ್ಳುವುದು ಇವರ ಪಾಲು. ರಬ್ಬರ್ ಗ್ಲೌಸಿಗೆ ಗಾಳಿ ಊದಿ, ಪೆನ್ನಿನಲ್ಲಿ ಎರಡು ಕಣ್ಣು ಬರೆದರೆ ಜುಟ್ಟಿನ ಕೋಳಿ. ಮಗು ಕೋಳಿ ನೋಡುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೆ ಬಂದಿರುತ್ತಿತ್ತು. ಮಕ್ಕಳ ಬಾಯಲ್ಲಿ ಇವರು ಕೋಳಿ ತಾತ. "ಇರುವೆ ಕಚ್ಚಿದ ಹಾಗೆ, ಅಷ್ಟೇ ಪುಟ್ಟಾ" ಅಂತ ದಿನಕ್ಕೆ ನಲವತ್ತು ಸಲ ಹೇಳುತ್ತಿದ್ದರು. ಹೇಳುವಾಗ ತಾವು ಮಾತ್ರ ಗೋಡೆ ನೋಡುತ್ತಿದ್ದರು. ಸೂಜಿ ಕಂಡರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು.

ಒಂದು ವರ್ಷ ನಮ್ಮ ಕಡೆ ಇಬ್ಬರು ಮಕ್ಕಳಿಗೆ ಗಂಟಲುಮಾರಿ ಬಂತು. ದೊಡ್ಡವರೂ ಲಸಿಕೆ ಹಾಕಿಸಿಕೊಳ್ಳಿ ಅಂದರು ಡಾಕ್ಟರಮ್ಮ. ಕ್ಲಿನಿಕ್ಕಿನವರಿಗೆ ಶನಿವಾರ ಗಡುವು. ಹಾಕಿಸಿಕೊಳ್ಳದವರು ಸೋಮವಾರದಿಂದ ಮಕ್ಕಳ ಕೋಣೆಗೆ ಕಾಲಿಡುವಂತಿಲ್ಲ. ಹಳೇ ಫೈಲುಗಳ ಕೋಣೆಯೇ ಗತಿ. ಮಕ್ಕಳಿಲ್ಲದ ಕೋಣೆಯಲ್ಲಿ ಇವರು ಬದುಕುವವರಲ್ಲ. ಊಟ ಸೇರಲಿಲ್ಲ.

ಬುಧವಾರ ಸಂಜೆ ಎಡಗೈ ಕಿರುಬೆರಳು ಎತ್ತಿಕೊಂಡೇ ಮನೆಗೆ ಬಂದರು. ಉಗುರಿನ ಮೇಲೆ ನೇರಳೆ ಶಾಯಿ.

"ನೋಡೇ, ಆಯ್ತು. ಹಾಕಿಸ್ಕೊಂಡೋರಿಗೆ ಇದೇ ಗುರುತು."

"ನೋವಾಯ್ತಾ?"

"ಇರುವೆ ಕಚ್ಚಿದ ಹಾಗೆ."

ನಮ್ಮ ಮಗ ಚಿಕ್ಕವನಿದ್ದಾಗ ಈ ಶಾಯಿ ಇರಲಿಲ್ಲ. ನಂಬಿದೆ. ತೋಳು ನೋವು ಅಂತ ಎರಡು ದಿನ ಬಕೆಟ್ ಎತ್ತಲಿಲ್ಲ. ನಾನೇ ಎತ್ತಿದೆ. ಶಾಖವನ್ನೂ ಕೊಟ್ಟೆ.

ಶನಿವಾರ ನಾನೂ ಅವರ ಕ್ಲಿನಿಕ್ಕಿಗೇ ಹೋಗಿ ಹಾಕಿಸಿಕೊಂಡೆ. ಆಮೇಲೆ ಬೆರಳು ಚಾಚಿದೆ.

"ಶಾಯಿ ಹಚ್ಚಲ್ವಾ ಸಿಸ್ಟರ್?"

"ಅದು ಪೋಲಿಯೋ ಹನಿ ಹಾಕಿದ ಕೂಸುಗಳಿಗೆ ಅಮ್ಮಾ. ನಿಮಗೆಷ್ಟು ವಯಸ್ಸು?"

"ಹಾಗಾದ್ರೆ ನಮ್ಮ ಯಜಮಾನ್ರಿಗೆ?"

ಮೂಲೆಯಲ್ಲಿ ಇವರು ಅರ್ಧ ಊದಿದ್ದ ಕೋಳಿ ಪುಸ್ ಅಂತ ಇಳಿಯಿತು. ಕೋಣೆಯೆಲ್ಲ ತಿರುಗಿ ನೋಡಿತು.

"ಬನ್ನಿ, ಇರುವೆ ಕಾಯ್ತಾ ಇದೆ" ಅಂದೆ.

"ಸೋಮವಾರ ಹಾಕಿಸ್ಕೋತೀನಿ ಕಣೇ."

"ಸೋಮವಾರ ಫೈಲಿಗೆ ಕೋಳಿ ಊದ್ತೀರಾ?"

ಬಂದು ಮಕ್ಕಳ ಸ್ಟೂಲಿನ ಮೇಲೆ ಕೂತರು. ಆಗಷ್ಟೇ ಚುಚ್ಚಿಸಿಕೊಂಡು ಅತ್ತಿದ್ದ ಐದು ವರ್ಷದ ಹುಡುಗಿ ಮೂಗು ಒರೆಸಿಕೊಂಡು ಹತ್ತಿರ ಬಂದಳು. ತನ್ನ ಕೋಳಿಯನ್ನು ಇವರ ಮುಖಕ್ಕೆ ಹಿಡಿದಳು.

"ತಾತಾ, ಕೋಳಿ ನೋಡು. ಸೂಜಿ ನೋಡಬೇಡ."

"ಅಯ್ಯಯ್ಯೋ!" ಅಂತ ಕಿರುಚಿದರು.

"ಇನ್ನೂ ಸ್ಪಿರಿಟ್ ಹಚ್ತಾ ಇದ್ದೀನಿ" ಅಂದರು ಸಿಸ್ಟರ್.

ಆಮೇಲೆ ನಿಜವಾಗಿ ಚುಚ್ಚಿದರು. ಇವರ ಕಣ್ಣಲ್ಲಿ ನೀರು. ಹುಡುಗಿ ಬೆನ್ನು ತಟ್ಟಿದಳು.

ಮುಂದೆ ಒಂಬತ್ತೂವರೆ ವರ್ಷ ಅದೇ ಕೋಣೆಯಲ್ಲಿ ಇದ್ದರು. ಇರುವೆಯ ಮಾತು ಮತ್ತೆ ಎತ್ತಲಿಲ್ಲ. "ಸ್ವಲ್ಪ ನೋಯುತ್ತೆ ಪುಟ್ಟಾ. ನಾನೂ ಅತ್ತಿದ್ದೀನಿ" ಅನ್ನುತ್ತಿದ್ದರು. ಆ ಮಾತಿಗೆ ಮಕ್ಕಳು ಇನ್ನೂ ಬೇಗ ಸುಮ್ಮನಾಗುತ್ತಿದ್ದವು.

ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟು, ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಕುಸಿದರು. ಎದ್ದೇಳಲಿಲ್ಲ.

ಹೋದ ತಿಂಗಳು ಸಿಸ್ಟರ್ ಫೋನ್ ಮಾಡಿದರು. ಹತ್ತು ವರ್ಷವಾಯಿತು, ಮತ್ತೆ ಲಸಿಕೆ ಹಾಕಿಸಿಕೊಳ್ಳಬೇಕಂತೆ. ಹೋದೆ. ಮಕ್ಕಳ ಸ್ಟೂಲ್ ಅಲ್ಲೇ ಇತ್ತು. ಚುಚ್ಚಿದ್ದು ಗೊತ್ತಾಗಲಿಲ್ಲ. ಆದರೂ ಅಳು ಬಂತು.

"ನೋವಾಯ್ತಾ ಅಮ್ಮಾ?"

"ಇಲ್ಲ. ಶಾಯಿ ಹಚ್ಚಿ."

ಈ ಸಲ ಅವರು ವಯಸ್ಸು ಕೇಳಲಿಲ್ಲ. ಹಚ್ಚಿದರು.

ಮನೆಗೆ ಬಂದು ಸೊಸೆಗೆ ಬೆರಳು ತೋರಿಸಿದೆ. ಶಾಯಿ ಹೋಗುವ ತನಕ ಕೈಗೆ ನೀರು ಸೋಕಬಾರದಂತೆ ಅಂದೆ. ಪಾಪ, ವಾರವಿಡೀ ಅವಳೇ ಪಾತ್ರೆ ತೊಳೆದಳು.

ಈ ಕಾಗದ ಅವಳ ಕೈಗೆ ಸಿಗದಿರಲಿ.