ಹಾಳೆ ಕಟ್ಟಿದ ಬಲಗಾಲು

ಮನುಷ್ಯನ ಆಯುಸ್ಸು ಅವನ ಹಣೆಯಲ್ಲಿ ಬರೆದಿರುತ್ತದೆ ಎಂದು ಹಿರಿಯರು ಹೇಳಿದ್ದಾರೆ. ಹೇಳಿದವರು ಯಾರೂ ಕಾರು ಓಡಿಸಿದವರಲ್ಲ. ನಮ್ಮಪ್ಪನ ಆಯುಸ್ಸು ಒಂದು ಮಳೆಗಾಲದ ಮಧ್ಯಾಹ್ನ ಅವರ ಹಣೆಯನ್ನು ಬಿಟ್ಟು ನನ್ನ ಬಲಗಾಲಿನ ಹಿಮ್ಮಡಿಗೆ ಬಂದು ಕೂತಿತ್ತು. ಆ ಹಿಮ್ಮಡಿಯೋ, ಎರಡು ಬೆರಳು ಗಿಡ್ಡ.

ಅರವತ್ತರ ದಶಕದ ನಡುವಿನ ಮಾತು. ಹೊಸನಗರದ ಹತ್ತಿರದ ಒಬ್ಬ ಯಜಮಾನರ ಕಾರನ್ನು ನಾನು ಓಡಿಸುತ್ತಿದ್ದೆ. ಕಾರು ಎಂದರೆ ಮದುವೆಯ ಅರ್ಧ ದಿಬ್ಬಣವನ್ನು ತುಂಬಿಕೊಂಡು ಹೋಗುವ ನಮ್ಮ ಕಡೆಯ ಕಾರಲ್ಲ. ಇಬ್ಬರಿಗೇ ಜಾಗ, ನೆಲಕ್ಕೆ ತಾಗುವಂಥ ಹೊಟ್ಟೆ, ಬಟ್ಟೆಯ ಮಾಡು. ಕಾಫಿ ಸೀಮೆಯ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಮಾರಿ ಹೋದ ಸ್ಪೋರ್ಟ್ಸ್ ಕಾರು. ಯಜಮಾನರಿಗೆ ಓಡಿಸಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಹೋಗಿ ತಾಲ್ಲೂಕು ಕಚೇರಿಯ ಮುಂದೆ ನಾಲ್ಕು ಜನ ನೋಡುವಾಗ ಇಳಿಯುವುದು ಅವರ ಸುಖ. ಅಷ್ಟು ತಗ್ಗಿನ ಸೀಟಿನಿಂದ ಅವರನ್ನು ಎತ್ತಿ ನಿಲ್ಲಿಸಲು ಆ ನಾಲ್ವರಲ್ಲಿ ಇಬ್ಬರು ಬೇಕಾಗುತ್ತಿದ್ದರು, ಆ ಮಾತು ಬೇರೆ.

ಆ ಕಾರಿಗೆ ಒಂದು ಗುಣವಿತ್ತು. ಇಳಿಜಾರಿನಲ್ಲಿ ಮೇಲಿನ ಗೇರಿನಿಂದ ಕೆಳಗಿನ ಗೇರಿಗೆ ಅದು ಸುಮ್ಮನೆ ಬರುತ್ತಿರಲಿಲ್ಲ. ಗೇರು ನಡುವೆ ಬಂದಾಗ ಎಂಜಿನ್ನಿಗೆ ಒಂದು ಗುಟುಕು ರೇಸ್ ಕೊಡಬೇಕು. ಇಲ್ಲದಿದ್ದರೆ ಹಲ್ಲು ಕಡಿದು, ಒಳಗೆ ಬಿಟ್ಟುಕೊಳ್ಳದೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಅದೇ ಹೊತ್ತಿಗೆ ಬ್ರೇಕನ್ನೂ ಒತ್ತಿ ಹಿಡಿದಿರಬೇಕು. ಎಡಗಾಲು ಕ್ಲಚ್ಚಿನ ಮೇಲೆ. ದೇವರು ಮನುಷ್ಯನಿಗೆ ಎರಡು ಕಾಲು ಕೊಟ್ಟ, ಇಂಗ್ಲಿಷರು ಮೂರು ಪೆಡಲ್ ಕೊಟ್ಟರು. ಈ ವ್ಯತ್ಯಾಸವನ್ನು ಸರಿದೂಗಿಸಲು ಅವರೇ ಒಂದು ವಿದ್ಯೆಯನ್ನೂ ಕಂಡುಹಿಡಿದಿದ್ದರು: ಬಲಗಾಲಿನ ಮುಂಭಾಗ ಬ್ರೇಕಿನ ಮೇಲೆ ಇರುವಾಗಲೇ ಪಾದವನ್ನು ಓರೆ ಮಾಡಿ, ಹಿಮ್ಮಡಿಯಿಂದ ರೇಸಿನ ಪೆಡಲನ್ನು ತಿವಿಯುವುದು. ಹಿಂದೆ ಪ್ಲಾಂಟರುಗಳ ಕಾರು ಓಡಿಸಿ ಈಗ ಸಾಗರದಲ್ಲಿ ಗ್ಯಾರೇಜು ಇಟ್ಟಿದ್ದ ಒಬ್ಬರು ನನಗೆ ಇದನ್ನು ಕಲಿಸಿದರು. ಅವರ ಉಪದೇಶ ಒಂದೇ ಸಾಲಿನದು. “ಮುಂಗಾಲಲ್ಲಿ ಬೇಡ್ಕೋ, ಹಿಮ್ಮಡೀಲಿ ಒದಿ.” ಹೆಂಡತಿಯ ತವರಿನಲ್ಲಿ ಹೇಗಿರಬೇಕು ಎಂಬುದಕ್ಕೂ ಅವರು ಇದೇ ಸಾಲನ್ನು ಹೇಳುತ್ತಿದ್ದರು.

ಅವರು ಕಲಿಸಿದ್ದು ಬೂಟು ಹಾಕಿಸಿ. ಯಜಮಾನರ ಮನೆಯಲ್ಲಿ ಬೂಟು ಹೊಸ್ತಿಲಲ್ಲೇ ಉಳಿಯಿತು. ಕಾರು ಬಂದ ದಿನವೇ ಅವರು ಅದಕ್ಕೆ ಕುಂಕುಮ ಹಚ್ಚಿ, ಆರತಿ ಎತ್ತಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಇದು ಲಕ್ಷ್ಮಿ, ಇದರೊಳಗೆ ಚರ್ಮ ತುಳಿಯಕೂಡದು ಎಂದು ಅಪ್ಪಣೆ ಮಾಡಿದ್ದರು. ಕಾರಿನ ಸೀಟುಗಳೇ ಅಪ್ಪಟ ಚರ್ಮದವು ಎಂಬುದನ್ನು ಅವರಿಗೆ ತಿಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅವರಿಗೂ ಸಂಶಯ ಇತ್ತೆಂದು ಕಾಣುತ್ತದೆ; ಮರುದಿನ ಸೀಟಿನ ಮೇಲೆ ದಪ್ಪ ಜಮಖಾನ ಹಾಸಿಸಿದರು.

ಬರಿಗಾಲಿನಲ್ಲಿ ನನ್ನ ಮುಂಗಾಲು ಬ್ರೇಕಿನ ಮೇಲಿದ್ದರೆ ಹಿಮ್ಮಡಿ ರೇಸಿನ ಪೆಡಲನ್ನು ಮುಟ್ಟುತ್ತಿರಲಿಲ್ಲ. ಬ್ರಿಟಿಷ್ ಬೂಟಿನ ಅಳತೆಗೆ ಮಾಡಿದ ಜಾಗ ಅದು. ಹಲವು ದಿನ ಯೋಚಿಸಿ, ನಮ್ಮ ಸೀಮೆಯವನು ಮಾತ್ರ ಮಾಡಬಹುದಾದ ಒಂದು ಆವಿಷ್ಕಾರವನ್ನು ನಾನು ಮಾಡಿದೆ. ಅಡಿಕೆ ಮರದಿಂದ ಬಿದ್ದ ಒಣ ಹಾಳೆಯನ್ನು ಪಾದದ ಅಳತೆಗೆ ಕತ್ತರಿಸಿ, ಮೂರು ಪದರ ಹೊಲಿದು, ಹಿಮ್ಮಡಿಯ ಹಿಂದೆ ಎರಡು ಬೆರಳು ಚಾಚಿಕೊಳ್ಳುವಂತೆ ಬಿಟ್ಟು, ಬಾಳೆನಾರಿನಿಂದ ಕಾಲಿಗೆ ಕಟ್ಟಿಕೊಂಡೆ. ಮರದ್ದು, ಚರ್ಮದ್ದಲ್ಲ. ಯಜಮಾನರು ಮುಟ್ಟಿ ನೋಡಿ ಒಪ್ಪಿದರು. ಬೇಸಗೆಯಿಡೀ ಅದು ಹಲಗೆಯಂತೆ ಬಿರುಸಾಗಿದ್ದು, ನನ್ನ ಗೇರುಗಳು ಬೆಣ್ಣೆಯಲ್ಲಿ ಚಾಕು ಇಳಿದಂತೆ ಇಳಿದವು. ಸಾಗರದ ಗುರುಗಳಿಗೆ ತೋರಿಸಿದಾಗ ಅವರು ಬಹಳ ಹೊತ್ತು ನನ್ನ ಕಾಲನ್ನೇ ನೋಡಿ, ಇದರಲ್ಲಿ ಊಟವನ್ನೂ ಬಡಿಸಬಹುದಲ್ಲ ಎಂದರು.

ಹಾಳೆಗೆ ನೀರು ಬಿದ್ದರೆ ಏನಾಗುತ್ತದೆ ಎಂಬುದು ಮಲೆನಾಡಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಹಾಳೆಯ ಟೊಪ್ಪಿ ಹೊಲಿಯುವವರು ಅದನ್ನು ನೀರಿನಲ್ಲಿ ನೆನೆಸಿಯೇ ಮೆತ್ತಗೆ ಮಾಡಿಕೊಳ್ಳುವುದು. ನನಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ಬೇಕಾದಾಗ ತಲೆಗೆ ಬರುವುದು ಬೇರೆ.

ನಮ್ಮಪ್ಪ ನಿವೃತ್ತ ಪ್ರೈಮರಿ ಹೆಡ್ಮಾಸ್ತರು. ಡ್ರೈವರಿಕೆ ಒಂದು ಉದ್ಯೋಗ ಎಂದು ಅವರು ಕೊನೆಯವರೆಗೂ ಒಪ್ಪಲಿಲ್ಲ. ಕೇಳಿದವರಿಗೆ, ಮಗ ಯಜಮಾನರ ಜೊತೆ ಓಡಾಡಿಕೊಂಡಿದ್ದಾನೆ ಎನ್ನುತ್ತಿದ್ದರು. ಅವರಿಗೆ ತೊಡೆಸಂದಿಯಲ್ಲಿ ಹರ್ನಿಯಾ ಇತ್ತು. ಅದನ್ನು ತುಂಟ ವಿದ್ಯಾರ್ಥಿಯಂತೆ ನಡೆಸಿಕೊಳ್ಳುತ್ತಿದ್ದರು: ಹೊರಗೆ ಬಂದರೆ ಮಲಗಿ, ಕೈಯಿಂದ ಒಳಗೆ ನೂಕಿ, ಗದರಿ ಏಳುತ್ತಿದ್ದರು. ಆಷಾಢದ ಆ ದಿನ ಬೆಳಿಗ್ಗೆ ಹೊರಗೆ ಬಂದದ್ದು ಒಳಗೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಬ್ಬು ಕಲ್ಲಿನಂತಾಗಿ, ಅಪ್ಪ ಹಸಿರು ವಾಂತಿ ಮಾಡಲು ಹತ್ತಿದರು. ಹೊಸನಗರದ ಡಾಕ್ಟರು ಬಂದು ನೋಡಿ ನನ್ನನ್ನು ಜಗಲಿಗೆ ಕರೆದರು. ಕರುಳು ಸಿಕ್ಕಿಕೊಂಡಿದೆ, ಸಂಜೆಯೊಳಗೆ ಕೊಯ್ದು ಬಿಡಿಸದಿದ್ದರೆ ಒಳಗೇ ಕೊಳೆಯುತ್ತದೆ, ಕೊಯ್ಯುವವರು ತೀರ್ಥಹಳ್ಳಿಯಲ್ಲಿದ್ದಾರೆ ಎಂದರು.

ಬೆಳಗಿನಿಂದ ಬಸ್ಸಿರಲಿಲ್ಲ, ಸಾಗರದ ದಾರಿಯಲ್ಲಿ ಮರ ಬಿದ್ದಿತ್ತು. ಊರಿನ ಜೀಪು ಸಾಗರಕ್ಕೆ ಹೋದದ್ದು ಅಲ್ಲೇ ಸಿಕ್ಕಿಬಿದ್ದಿತ್ತು. ಉಳಿದದ್ದು ಲಕ್ಷ್ಮಿ ಒಬ್ಬಳೇ.

ಅಪ್ಪನನ್ನು ಹೊತ್ತು ಯಜಮಾನರ ಅಂಗಳಕ್ಕೆ ತಂದೆವು; ನಾನು ಕೇಳುವ ಮೊದಲೇ ಅವರು ಕೀಲಿ ಕೊಟ್ಟರು. ಅಷ್ಟೇ ಅಲ್ಲ, ನನ್ನ ಕಾಲನ್ನೂ ಡಾಕ್ಟರ ಕಾಲಿನ ಬೂಟನ್ನೂ ನೋಡಿ, ಇವತ್ತೊಂದು ದಿನ ಬೇಕಾದರೆ ಬೂಟು ಹಾಕಿಕೊಂಡು ಹೋಗಲಿ ಎಂದು ಗೋಡೆಗೆ ಹೇಳುವಂತೆ ಹೇಳಿದರು. ಡಾಕ್ಟರು ಆಗಲೇ ಬಗ್ಗಿ ಲೇಸು ಬಿಚ್ಚತೊಡಗಿದ್ದರು. ಸೀಟಿಗೆ ಒರಗಿಸಿದ್ದ ಅಪ್ಪ ಕಣ್ಣು ಮುಚ್ಚಿಕೊಂಡೇ ಅಂದರು:

“ಬ್ಯಾಡ. ಅವ್ರ ಗಾಡಿ, ಅವ್ರ ಕ್ರಮ. ನನ್ನ ಹೊಟ್ಟೆ ನೋವಿಗೆ ಇನ್ನೊಬ್ರ ನೇಮ ಮುರಿಯೋದು ಎಂತಕ್ಕೆ?”

ನನಗೂ ನನ್ನ ಹಾಳೆಯ ಮೇಲೆ ವಿಶ್ವಾಸವಿತ್ತು. ಡಾಕ್ಟರು ಲೇಸನ್ನು ಮತ್ತೆ ಕಟ್ಟಿಕೊಂಡರು.

ಮೊದಲ ಕೆಲವು ಮೈಲಿ ದಾರಿ ಸಪಾಟು, ಮಳೆ ಮಾತ್ರ ಕೊಡದಲ್ಲಿ ಸುರಿದಂತೆ. ಬಟ್ಟೆಯ ಮಾಡಿನ ಹೊಲಿಗೆಯಿಂದ ಒಂದು ಧಾರೆ ನೇರವಾಗಿ ನನ್ನ ಮೊಣಕಾಲಿಗೆ ಬಿದ್ದು, ಅಲ್ಲಿಂದ ಪಾದಕ್ಕೆ ಇಳಿಯುತ್ತಿತ್ತು. ಪ್ರತಿ ಗುಂಡಿಗೂ ಅಪ್ಪನ ಬಾಯಿಂದ ಒಂದು ಸದ್ದು ಬರುತ್ತಿತ್ತು. ಕೂಡಲೇ ಅದನ್ನು ಕೆಮ್ಮಿನಂತೆ ತಿದ್ದಿ ಮುಗಿಸುತ್ತಿದ್ದರು. ಯಜಮಾನರು ಇದರಲ್ಲಿ ದಿನಾ ದುಡ್ಡು ಕೊಟ್ಟು ಕೂರುತ್ತಾರಾ ಎಂದು ಅಪ್ಪ ಒಮ್ಮೆ ಕೇಳಿದರು.

ಮೊದಲ ದೊಡ್ಡ ಇಳಿಜಾರು ಬಂತು. ಕೆಳಗೆ ಹಳ್ಳ, ಹಳ್ಳಕ್ಕೆ ತಡೆಗೋಡೆ ಇಲ್ಲದ ಕಿರು ಮೋರಿ, ಅದಕ್ಕೂ ಮೊದಲು ಒಂದು ಕಡಿದಾದ ತಿರುವು. ಮೂರನೇ ಗೇರಿನಲ್ಲಿದ್ದೆ. ಬ್ರೇಕಿನೊಳಗೆ ನೀರು ಹೋಗಿ, ಒತ್ತಿದರೆ ಆಗಲಿ ನೋಡೋಣ ಎಂಬಂತೆ ಅದು ಸರಕಾರಿ ಉತ್ತರ ಕೊಡುತ್ತಿತ್ತು. ಎರಡಕ್ಕೆ ಇಳಿಸಲೇಬೇಕು. ಕ್ಲಚ್ಚು ಒತ್ತಿ, ಗೇರನ್ನು ನಡುವಿಗೆ ತಂದು, ಹಿಮ್ಮಡಿಯಿಂದ ತಿವಿದೆ. ಮೂರು ಪದರದ ಹಾಳೆ ನೆನೆದ ಹಪ್ಪಳದಂತೆ ಮಡಚಿಕೊಂಡು ಪೆಡಲಿನಿಂದ ಜಾರಿತು. ಇನ್ನೊಮ್ಮೆ ತಿವಿದೆ, ಅದು ಇನ್ನೊಮ್ಮೆ ಜಾರಿತು. ಗೇರು ಹಲ್ಲು ಕಡಿಯಿತು. ಮೂರಕ್ಕೆ ವಾಪಸು ಹೋಗಲೂ ಅದು ಈಗ ಒಪ್ಪಲಿಲ್ಲ.

ಯಾವ ಗೇರಿನಲ್ಲೂ ಇಲ್ಲದ ಸ್ಥಿತಿಗೆ ನ್ಯೂಟ್ರಲ್ ಎನ್ನುತ್ತಾರೆ. ಯಾವುದಕ್ಕೂ ಅಂಟದ ಈ ಸ್ಥಿತಿಯನ್ನು ವೇದಾಂತಿಗಳು ಬಹಳ ಹೊಗಳಿದ್ದಾರೆ. ಇಳಿಜಾರಿನಲ್ಲಿ ಅದು ಅಷ್ಟು ಹಿತವಾಗಿರುವುದಿಲ್ಲ. ಕಾರು ಸದ್ದಿಲ್ಲದೆ ವೇಗ ಹೆಚ್ಚಿಸಿಕೊಂಡಿತು. ಎಡಗಾಲಿನಿಂದ ಹಾಳೆಯನ್ನು ಕೆರೆದು ಕಿತ್ತೆ. ಬರಿ ಹಿಮ್ಮಡಿ ಗಾಳಿಯನ್ನು ತಿವಿಯಿತು, ಪೆಡಲಿಗೆ ಮುಟ್ಟಲಿಲ್ಲ. ಬ್ರೇಕು ಬಿಟ್ಟು ರೇಸಿಗೆ ಕಾಲಿಡಬಹುದಿತ್ತು. ಬ್ರೇಕು ಬಿಟ್ಟರೆ ತಿರುವು ಉಳಿಯುತ್ತಿರಲಿಲ್ಲ. ಅಪ್ಪನನ್ನು ಕೊಯ್ಯುವವರ ಹತ್ತಿರ ಮುಟ್ಟಿಸುವ ಮೊದಲೇ ಹಳ್ಳಕ್ಕೆ ಮುಟ್ಟಿಸುತ್ತೇನೆ ಎಂಬುದು ಆಗ ನನಗೆ ಲೆಕ್ಕದ ಉತ್ತರದಷ್ಟು ಸ್ಪಷ್ಟವಾಯಿತು. ಕಿರುಚಲೂ ಆಗಲಿಲ್ಲ, ಬಾಯಿ ಒಣಗಿತ್ತು. ಅಷ್ಟು ಮಳೆಯಲ್ಲಿ ಒಣಗಿದ್ದದ್ದು ಅದೊಂದೇ.

ಅಪ್ಪ ಕಣ್ಣು ತೆರೆದು ನನ್ನ ಕಾಲಿನ ಕಡೆ ನೋಡಿದರು. “ಎಂತ ಬೇಕು ನಿಂಗೆ?”

“ರೇಸು. ಕಾಲು ಎಟುಕೋದಿಲ್ಲ.”

“ಕೈಗೆ ಎಟುಕೋದು ಎಂತದೂ ಇಲ್ಲನಾ?”

ಇತ್ತು. ಡ್ಯಾಶ್‌ಬೋರ್ಡಿನ ನಡುವೆ ಒಂದು ಕರಿಯ ಗುಬುಟು; ಚಳಿಯ ಬೆಳಗಿನಲ್ಲಿ ಎಂಜಿನ್ ನಿಲ್ಲದಿರಲೆಂದು ಅದನ್ನು ಎಳೆದು ಹಿಡಿಯುತ್ತಿದ್ದೆ. ಎಳೆದರೆ ರೇಸು ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ನನ್ನ ಎರಡು ಕೈಗಳಲ್ಲಿ ಒಂದು ಸ್ಟೀರಿಂಗಿಗೆ, ಒಂದು ಗೇರಿಗೆ. ಅಪ್ಪನ ಒಂದು ಕೈ ಹೊಟ್ಟೆಯ ಮೇಲಿತ್ತು. ಇನ್ನೊಂದು ಖಾಲಿ.

“ಆ ಗುಬುಟು. ನಾ ಹೂಂ ಅಂದ ಕೂಡ್ಲೆ ಎಳೀರಿ, ತಕ್ಷಣ ಬಿಟ್ಬಿಡಿ. ಹಿಡ್ಕೊಂಡಿರಬೇಡಿ.”

“ಮೂವತ್ತು ವರ್ಷ ಹುಡುಗ್ರ ಕಿವಿ ಎಳ್ದಿದೀನಿ,” ಎಂದರು ಅಪ್ಪ. “ನಂಗೆ ಎಳೆಯೋದು ಹೇಳಿಕೊಡ್ತೀಯಾ?”

ಹೂಂ ಎಂದೆ. ಅಪ್ಪ ಮುಂದಕ್ಕೆ ಬಾಗಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಸಣ್ಣಗೆ ತಿರುಪಿ ಎಳೆದರು. ಎಂಜಿನ್ ಒಮ್ಮೆ ಕೂಗಿ ತಗ್ಗಿತು. ಗೇರು ಎರಡಕ್ಕೆ ಇಳಿಯಿತು. ಕಾರು ಮುಗ್ಗರಿಸಿದಂತೆ ತಡೆದುಕೊಂಡು, ಹಿಂಭಾಗವನ್ನು ಒಂದಿಷ್ಟು ಜಾರಿಸಿ, ತಿರುವನ್ನು ಹಾದು ಮೋರಿಯ ಮೇಲೆ ಹೋಯಿತು. ಬಗ್ಗಿದ್ದರಿಂದ ಅಪ್ಪನಿಗೆ ಎಂಥ ನೋವಾಯಿತೆಂದರೆ ಆ ಸಲ ಅವರು ಅದನ್ನು ಕೆಮ್ಮಾಗಿ ತಿದ್ದಲಿಲ್ಲ.

ತೀರ್ಥಹಳ್ಳಿಯವರೆಗೆ ಇಳಿಜಾರುಗಳಿಗೆ ಬರವಿರಲಿಲ್ಲ. ಒಂದೊಂದಕ್ಕೂ ನಾನು ಹೂಂ ಎನ್ನುವುದು, ಅಪ್ಪ ಬಾಗಿ ಎಳೆಯುವುದು, ಎಳೆದು ಹಿಂದಕ್ಕೆ ಬೀಳುವುದು. ಅವರ ಹೊಟ್ಟೆಯನ್ನು ಉಳಿಸಲು ಅವರ ಹೊಟ್ಟೆಯನ್ನೇ ಮಡಿಸಬೇಕಾಗಿತ್ತು. ಬೇಡ, ನಾನು ಹೇಗಾದರೂ ಮಾಡುತ್ತೇನೆ ಎಂದು ಒಮ್ಮೆ ಹೇಳಿದೆ. ಹೇಗೆ ಎಂದು ಕೇಳಿದರು. ಉತ್ತರ ಗೊತ್ತಿಲ್ಲದವರು ಕೈ ಎತ್ತಬಾರದು ಎಂದರು. ನಡುವೆ ಒಂದು ಕಡೆ ಕಾರಿನ ಹೊರಗೆ ತಲೆ ಹಾಕಿ ವಾಂತಿ ಮಾಡಿದರು. ಲಕ್ಷ್ಮಿಯ ಒಳಗೆ ಮಾಡಲಿಲ್ಲ. ನಿಲ್ಲಿಸಲೇ ಎಂದು ಕೇಳಿದ್ದಕ್ಕೆ ಕೈ ಬೀಸಿ ಮುಂದೆ ತೋರಿಸಿದರು.

ಕೊನೆಕೊನೆಗೆ ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿ, ಕೈ ತಣ್ಣಗಾಗಿತ್ತು. ತೊಡೆಯ ಮೇಲಿಂದ ಗುಬುಟಿಗೆ ಏರುವಷ್ಟರಲ್ಲಿ ಆ ಕೈ ಎರಡು ಸಲ ದಾರಿ ತಪ್ಪಿ ನನ್ನ ಮೊಣಕಾಲನ್ನು ಹಿಡಿಯಿತು. ನಾನೇ ಎತ್ತಿ ಗುಬುಟಿನ ಮೇಲೆ ಇಟ್ಟೆ. ಅಲ್ಲಿಂದ ಮುಂದೆ ಅವರು ಅದನ್ನು ಕೆಳಗೆ ಇಳಿಸಲಿಲ್ಲ. ಊರು ಕಾಣುವ ಮೊದಲಿನ ಇಳಿಜಾರಿನಲ್ಲಿ ನಾನು ಹೂಂ ಎಂದಾಗ ಏನೂ ಆಗಲಿಲ್ಲ. ಇನ್ನೊಮ್ಮೆ ಎಂದೆ. ಮೂರನೆಯ ಸಲ ಅಪ್ಪಾ ಎಂದೆ. ಹಾಗೆ ಕೂಗಿ ಕರೆದದ್ದು ಚಿಕ್ಕಂದಿನ ನಂತರ ಅದೇ ಮೊದಲು. ಬೆರಳುಗಳು ಮುಚ್ಚಿಕೊಂಡು ಎಳೆದವು. ಕಣ್ಣು ಮುಚ್ಚಿಯೇ ಇತ್ತು.

“ಕೇಳ್ತು,” ಎಂದರು. “ಒಂದೇ ಸಲ ಕೂಗು.”

ಆಸ್ಪತ್ರೆಯ ಮೆಟ್ಟಿಲ ಹತ್ತಿರ ಇಬ್ಬರು ಆಳುಗಳು ಅವರನ್ನು ಎತ್ತಿಕೊಂಡು ಹೋದರು. ನಾನು ಬರಿಗಾಲಿನಲ್ಲಿ ಹಿಂದೆಯೇ ಹೋದೆ. ದೀಪ ಹಚ್ಚುವ ಹೊತ್ತಿಗೆ ಸರ್ಜನ್ನರು ಹೊರಗೆ ಬಂದರು. ಗೇಣುದ್ದ ಕರುಳು ಕಪ್ಪಾಗಿತ್ತು, ಅದನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಹೊಲಿದಿದ್ದರು. ಅಪ್ಪ ಬದುಕಿದರು.